ಹಣೆಯ ಬೆವರು ಸಾಕ್ಷಿಯಾಗುವುದಿಲ್ಲ



'ಆರೋಪಿಯನ್ನು ಸುಳ್ಳುಪತ್ತೆ ಪರೀಕ್ಷೆಗೆ ಒಳಪಡಿಸಲು ತನಿಖಾಧಿಕಾರಿಗಳು ನ್ಯಾಯಾಲಯದ ಅನುಮತಿ ಕೋರಿದ್ದಾರೆ.' ಪತ್ರಿಕೆ ಓದುವವರಿಗೂ ವಾರ್ತೆ ಕೇಳುವವರಿಗೂ ಈ ಸಾಲು ಈಗ ಬಾಯಿಪಾಠವಾಗಿದೆ. 2020ರಲ್ಲಿ ಕೇರಳದ ಪಿಟೀಲುವಾದಕ ಬಾಲಭಾಸ್ಕರ್ ಅವರ ಸಾವಿನ ತನಿಖೆಯಲ್ಲಿ ಇದನ್ನು ಕೇಳಿದೆವು. 2022ರಲ್ಲಿ ದೆಹಲಿಯ ಕೊಲೆಯೊಂದರಲ್ಲಿ ಕೇಳಿದೆವು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ಯುವ ವೈದ್ಯೆಯ ಕೊಲೆಯಾದಾಗ ಮತ್ತೆ ಕೇಳಿದೆವು. ಇಂಥ ಸುದ್ದಿ ಬಂದ ದಿನ ನಮ್ಮ ಕಾಸರಗೋಡು ಜಿಲ್ಲೆಯ ಪೈವಳಿಕೆಯ ಹೋಟೆಲಿನಲ್ಲಾಗಲಿ, ಬಾಯಾರಿನಿಂದ ಉಪ್ಪಳಕ್ಕೆ ಹೋಗುವ ಬಸ್ಸಿನಲ್ಲಾಗಲಿ ಕಿವಿಗೆ ಬೀಳುವ ಮಾತು ಒಂದೇ: "ಇನ್ನೇನು, ಮೆಷಿನಿಗೆ ಕೂರಿಸಿದರೆ ಎಲ್ಲ ಹೊರಗೆ ಬರುತ್ತದೆ."

ಹಾಗೆ ಹೊರಗೆ ಬರುವುದಿಲ್ಲ. ಸುಳ್ಳನ್ನು ಗುರುತಿಸುವ ಯಂತ್ರವನ್ನು ಜಗತ್ತಿನಲ್ಲಿ ಯಾರೂ ಇನ್ನೂ ಮಾಡಿಲ್ಲ. ಪೊಲೀಸರ ಬಳಿ ಇರುವುದು ಮನುಷ್ಯನ ದೇಹದ ತಳಮಳವನ್ನು ಅಳೆಯುವ ಯಂತ್ರ. ಈ ವ್ಯತ್ಯಾಸ ನಮ್ಮ ಊರಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕು ಎಂಬ ಆಸೆಯಿಂದ ಇವತ್ತು ನಿಮ್ಮ ಮುಂದೆ ಮಾತಾಡುತ್ತಿದ್ದೇನೆ.

ಮೊದಲು ಪರೀಕ್ಷೆಯ ಕೋಣೆಯೊಳಗೆ ಏನು ನಡೆಯುತ್ತದೆ ಎಂದು ನೋಡೋಣ. ಸದ್ದುಗದ್ದಲವಿಲ್ಲದ ಕೋಣೆ. ಕೈಯಿರುವ ಒಂದು ಕುರ್ಚಿ. ಅದರಲ್ಲಿ ಕುಳಿತವರ ಎದೆಗೆ ಒಂದು, ಹೊಟ್ಟೆಗೆ ಒಂದು, ಸುಕ್ಕುಸುಕ್ಕಾದ ರಬ್ಬರಿನ ಕೊಳವೆಗಳನ್ನು ಸುತ್ತಿ ಕಟ್ಟುತ್ತಾರೆ. ಉಸಿರು ಎಳೆದಾಗ ಕೊಳವೆ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ತೋಳಿಗೆ ಡಾಕ್ಟರು ಬಿ.ಪಿ. ನೋಡುವಾಗ ಕಟ್ಟುವಂಥದೇ ಪಟ್ಟಿ. ಎರಡು ಬೆರಳ ತುದಿಗೆ ಸಣ್ಣ ಲೋಹದ ತಗಡು. ಅದರ ಮೂಲಕ ನಮಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ತನ್ನು ಹರಿಸುತ್ತಾರೆ. ಮನಸ್ಸು ಕದಡಿದಾಗ ಬೆರಳಲ್ಲಿ ಬೆವರು ಹನಿಯುತ್ತದೆ, ಬೆವರು ಬಂದ ಚರ್ಮದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಕುಳಿತವರು ಕಾಲ್ಬೆರಳು ಒತ್ತಿಯೋ ಮೈ ಬಿಗಿದೋ ಯಂತ್ರವನ್ನು ವಂಚಿಸದಂತೆ ಕುರ್ಚಿಯ ಕೆಳಗೂ ಚಲನೆ ತಿಳಿಯುವ ಸಾಧನ ಇಡುವುದುಂಟು. ಉಸಿರು, ರಕ್ತದೊತ್ತಡ, ನಾಡಿ, ಬೆವರು ಎಲ್ಲವೂ ಗೆರೆಗಳಾಗಿ ಮೂಡುತ್ತವೆ. ಹಿಂದೆ ಉದ್ದನೆಯ ಕಾಗದದ ಮೇಲೆ ಶಾಯಿಯ ಮುಳ್ಳು ಗೀಚುತ್ತಿತ್ತು, ಈಗ ಕಂಪ್ಯೂಟರಿನ ಪರದೆಯಲ್ಲಿ ಕಾಣುತ್ತದೆ. ಯಂತ್ರದ ಕೆಲಸ ಅಷ್ಟೇ. ಮುಂದಿನದೆಲ್ಲ ಗೆರೆ ಓದುವ ಮನುಷ್ಯನ ತೀರ್ಮಾನ.

ಪಟ್ಟಿ ಕಟ್ಟುವ ಮೊದಲೇ ಗಂಟೆಗಟ್ಟಲೆ ಮಾತುಕತೆ ನಡೆದಿರುತ್ತದೆ. ಕೇಳಲಿರುವ ಪ್ರಶ್ನೆಗಳನ್ನೆಲ್ಲ ಮುಂಚೆಯೇ ಓದಿ ಹೇಳುತ್ತಾರೆ. ಪ್ರಶ್ನೆ ಹತ್ತು ಹನ್ನೆರಡಕ್ಕಿಂತ ಹೆಚ್ಚಿರುವುದಿಲ್ಲ, ಉತ್ತರ 'ಹೌದು' ಅಥವಾ 'ಇಲ್ಲ' ಮಾತ್ರ. ಪ್ರಶ್ನೆಗಳಲ್ಲಿ ಮೂರು ಜಾತಿ. ಒಂದು, ಏನೂ ಅಪಾಯವಿಲ್ಲದ್ದು: 'ಇವತ್ತು ಸೋಮವಾರವೇ?' ಇನ್ನೊಂದು, ನೇರ ಅಪರಾಧಕ್ಕೆ ಸಂಬಂಧಿಸಿದ್ದು: 'ಅಂಗಡಿಯ ಬೀಗ ಒಡೆದವರು ನೀವೇ?' ಮೂರನೆಯದು, ಯಾರನ್ನಾದರೂ ಸ್ವಲ್ಪ ಅಳುಕಿಸುವಂಥದು: 'ನಿಮ್ಮನ್ನು ನಂಬಿದವರಿಗೆ ಎಂದಾದರೂ ಸುಳ್ಳು ಹೇಳಿದ್ದೀರಾ?' ನಿರಪರಾಧಿ ಈ ಮೂರನೆಯ ಪ್ರಶ್ನೆಗೆ ಹೆಚ್ಚು ತಡವರಿಸುತ್ತಾನೆ, ಅಪರಾಧಿ ಎರಡನೆಯದಕ್ಕೆ ಹೆಚ್ಚು ಬೆವರುತ್ತಾನೆ ಎಂಬುದು ಪರೀಕ್ಷಕರ ಲೆಕ್ಕಾಚಾರ. ಅದೇ ಪ್ರಶ್ನೆಗಳನ್ನು ಎರಡು ಮೂರು ಸುತ್ತು ಕೇಳಿ, ಗೆರೆಗಳನ್ನು ಒಂದಕ್ಕೊಂದು ಹೋಲಿಸಿ, ಅಂಕ ಹಾಕುತ್ತಾರೆ.

ಈ ಲೆಕ್ಕಾಚಾರವನ್ನು ಒಂದು ಕ್ಷಣ ಯೋಚಿಸಿ ನೋಡಿ. ಕೊಲೆಯ ಆರೋಪ ಹೊತ್ತು ಕುರ್ಚಿಯಲ್ಲಿ ಕುಳಿತ ನಿರಪರಾಧಿಗೆ 'ಕೊಂದವನು ನೀನೇ?' ಎಂಬ ಪ್ರಶ್ನೆಗಿಂತ 'ಎಂದಾದರೂ ಸುಳ್ಳು ಹೇಳಿದ್ದೀಯಾ?' ಎಂಬುದು ಹೆಚ್ಚು ಭಯಂಕರವಾಗಿ ಕೇಳುತ್ತದೆಯೇ? ತನ್ನ ಜೀವ, ಮಾನ, ಹೆಂಡತಿ ಮಕ್ಕಳ ಅನ್ನ ಎಲ್ಲವೂ ಯಾವ ಪ್ರಶ್ನೆಯ ಮೇಲೆ ನಿಂತಿದೆ ಎಂದು ಅವನಿಗೆ ಗೊತ್ತಿಲ್ಲವೇ? ಪರೀಕ್ಷೆಯ ಬೇರಿನಲ್ಲೇ ಇರುವ ದೋಷ ಇದು.

ಇದಕ್ಕಿಂತ ಮೇಲಾದ ಒಂದು ವಿಧಾನ ಇದೆ ಎನ್ನಬೇಕು. ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಲಿಕ್ಕನ್ 1959ರಲ್ಲಿ ಅದನ್ನು ಮುಂದಿಟ್ಟರು. ನಮ್ಮ ಕಡೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಒಬ್ಬರ ಮನೆಯ ಅಟ್ಟದಿಂದ ಚಾಲಿ ಅಡಿಕೆಯ ಗೋಣಿಗಳು ಕಳವಾದವು ಎಂದುಕೊಳ್ಳಿ. ಕಳ್ಳ ಒಳಗೆ ಬಂದದ್ದು ಹಿಂಬದಿಯ ಹಂಚು ಸರಿಸಿ. ಈ ಸಂಗತಿ ಮನೆಯವರಿಗೂ ತನಿಖೆಯ ಅಧಿಕಾರಿಗೂ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿಲ್ಲ. ಆಗ 'ಕದ್ದದ್ದು ನೀನೇ?' ಎಂದು ಕೇಳಬೇಕಾಗಿಲ್ಲ. 'ಕಳ್ಳ ಬಂದದ್ದು ಕಿಟಕಿಯಿಂದಲೇ? ಮುಂಬಾಗಿಲಿನಿಂದಲೇ? ಬಚ್ಚಲಿನ ಕಡೆಯಿಂದಲೇ? ಹಂಚು ಸರಿಸಿಯೇ?' ಎಂದು ಒಂದೊಂದಾಗಿ ಕೇಳಿದರೆ ಸಾಕು. ವಿಷಯ ಗೊತ್ತಿಲ್ಲದವನಿಗೆ ನಾಲ್ಕೂ ಒಂದೇ. ಗೊತ್ತಿದ್ದವನ ಮೈ ಹಂಚಿನ ಮಾತು ಬಂದಾಗ ಬೇರೆ ರೀತಿ ಸ್ಪಂದಿಸುತ್ತದೆ. ಇಲ್ಲಿ ಹೆದರಿಕೆಯನ್ನಲ್ಲ, ನೆನಪನ್ನು ಹುಡುಕುತ್ತಾರೆ. ಜಪಾನಿನ ಪೊಲೀಸರು ಬಳಸುವುದು ಈ ವಿಧಾನವನ್ನೇ. ಆದರೆ ಅದಕ್ಕೆ ಒಂದು ಕಟ್ಟುನಿಟ್ಟು ಬೇಕು: ಕಳವಿನ ವಿವರ ಹೊರಗೆ ಸೋರಿರಬಾರದು. ಬೆಳಿಗ್ಗೆ ನಡೆದದ್ದು ಮಧ್ಯಾಹ್ನಕ್ಕೆ ಎಲ್ಲರ ವಾಟ್ಸಾಪಿನಲ್ಲಿ ಫೋಟೋ ಸಮೇತ ಓಡಾಡುವ ನಮ್ಮಲ್ಲಿ ಗುಟ್ಟಾಗಿ ಉಳಿಯುವ ವಿವರ ಎಷ್ಟು?

ಈ ಯಂತ್ರದ ಚರಿತ್ರೆ ನೂರು ವರ್ಷಕ್ಕೆ ಸ್ವಲ್ಪ ಮಿಕ್ಕಿದ್ದು. ಹಾರ್ವರ್ಡಿನಲ್ಲಿದ್ದ ವಿಲಿಯಂ ಮಾರ್ಸ್ಟನ್ 1915ರ ಹೊತ್ತಿಗೆ ರಕ್ತದೊತ್ತಡಕ್ಕೂ ಸುಳ್ಳಿಗೂ ಸಂಬಂಧವಿದೆ ಎಂದು ವಾದಿಸಿದರು. 1921ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ಉಸಿರನ್ನೂ ರಕ್ತದೊತ್ತಡವನ್ನೂ ಒಟ್ಟಿಗೆ ದಾಖಲಿಸುವ ಯಂತ್ರ ಕಟ್ಟಿದರು. ಲಿಯೊನಾರ್ಡ್ ಕೀಲರ್ ಅದಕ್ಕೆ ಬೆವರಿನ ಅಳತೆಯನ್ನು ಸೇರಿಸಿದರು. ಯಂತ್ರ ಹುಟ್ಟಿದ ಎರಡೇ ವರ್ಷದಲ್ಲಿ, 1923ರಲ್ಲಿ, ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಮಾರ್ಸ್ಟನ್ ಅವರ ಪರೀಕ್ಷೆಯನ್ನು ಸಾಕ್ಷ್ಯವಾಗಿ ಒಪ್ಪಲು ನಿರಾಕರಿಸಿತು. ಆದರೂ ಅಮೆರಿಕದಲ್ಲಿ ಅದು ಬ್ಯಾಂಕು, ಅಂಗಡಿ, ಕಾರ್ಖಾನೆಗಳವರೆಗೆ ಹಬ್ಬಿತು. ಕೆಲಸಕ್ಕೆ ಸೇರುವವರನ್ನೆಲ್ಲ ಕುರ್ಚಿಗೆ ಕೂರಿಸುವ ಚಾಳಿ ಅತಿಯಾಗಿ, ಕೊನೆಗೆ 1988ರಲ್ಲಿ ಕಾನೂನು ತಂದು ಹೆಚ್ಚಿನ ಖಾಸಗಿ ಸಂಸ್ಥೆಗಳಲ್ಲಿ ಅದನ್ನು ನಿಷೇಧಿಸಬೇಕಾಯಿತು. ಸರ್ಕಾರದ ಬೇಹುಗಾರಿಕೆಯ ಇಲಾಖೆಗಳಲ್ಲಿ ಇಂದಿಗೂ ಇದೆ. ಬ್ರಿಟನ್ನಿನಲ್ಲಿ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾಗಿ ಬಿಡುಗಡೆಯಾದ ಕೆಲವರ ಮೇಲೆ ನಿಗಾ ಇಡಲು ಬಳಸುತ್ತಾರೆ.

ಬೇಹುಗಾರಿಕೆಯ ಇಲಾಖೆಗೆ ಅದರಿಂದ ಸಿಕ್ಕಿದ್ದೇನು? ಸಿ.ಐ.ಎ.ಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಕಾಲದಲ್ಲೇ, 1986ರಲ್ಲಿ ಒಮ್ಮೆ, 1991ರಲ್ಲಿ ಇನ್ನೊಮ್ಮೆ, ಇದೇ ಪರೀಕ್ಷೆಗೆ ಕುಳಿತು ಎರಡು ಸಲವೂ ಪಾಸಾದ. ಸಿಕ್ಕಿಬಿದ್ದದ್ದು 1994ರಲ್ಲಿ. ಇನ್ನೊಂದು ಕಡೆ, ಒಹಾಯೋ ರಾಜ್ಯದ ಫ್ಲಾಯ್ಡ್ ಫೇ ಎಂಬವನು ಮಾಡದ ಕೊಲೆಗೆ 1978ರಲ್ಲಿ ಶಿಕ್ಷೆಗೊಳಗಾದ. ಅವನ ವಿರುದ್ಧ ತೂಗಿದ್ದರಲ್ಲಿ ಈ ಪರೀಕ್ಷೆಯಲ್ಲಿ ಫೇಲಾದದ್ದು ಮುಖ್ಯ. ನಿಜವಾದ ಕೊಲೆಗಾರರು ಪತ್ತೆಯಾಗುವವರೆಗೂ ಅವನು ಜೈಲಿನಲ್ಲೇ ಇದ್ದ. ತಣ್ಣನೆಯ ಎದೆಯವನು ಗೆದ್ದ, ಗಾಬರಿಗೊಂಡವನು ಸೋತ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಪರೀಕ್ಷೆಯ ಬಗೆಗಿದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ 2003ರಲ್ಲಿ ವರದಿ ಪ್ರಕಟಿಸಿತು. ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಈ ಪರೀಕ್ಷೆ ಖಂಡಿತ ವಾಸಿ, ಆದರೆ ಪರಿಪೂರ್ಣತೆಗೆ ಬಹಳ ದೂರ ಎಂಬುದು ಅದರ ಅಭಿಪ್ರಾಯ. ಆ ವರದಿಯಲ್ಲಿ ಒಂದು ಲೆಕ್ಕ ಇದೆ. ದಯವಿಟ್ಟು ಗಮನವಿಟ್ಟು ಕೇಳಿ. 10,000 ನೌಕರರಿದ್ದಾರೆ, ಅವರಲ್ಲಿ 10 ಮಂದಿ ಗೂಢಚಾರರು ಎಂದಿಟ್ಟುಕೊಳ್ಳಿ. ಆ ಹತ್ತರಲ್ಲಿ ಎಂಟು ಮಂದಿಯನ್ನಾದರೂ ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ, ಅವರ ಜೊತೆಗೆ ಸುಮಾರು 1,600 ಮಂದಿ ಪ್ರಾಮಾಣಿಕರೂ 'ಸುಳ್ಳುಗಾರ'ರ ಪಟ್ಟಿಗೆ ಸೇರುತ್ತಾರೆ. ಎಂಟು ಮಂದಿಗಾಗಿ ಸಾವಿರದ ಆರುನೂರು ಮಂದಿ! ಇಬ್ಬರು ಗೂಢಚಾರರು ಮಾತ್ರ ಆಗಲೂ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ನಾಡಿನ ಒಬ್ಬ ಹಿರಿಯನನ್ನು ನೆನೆಯದೆ ಮುಂದೆ ಹೋಗಲಾರೆ. ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಹಿಂದೂ ಆಸ್ತಿ ಹಕ್ಕಿನ ಕಾನೂನಿನಲ್ಲಿ ಭಾರತದ ಬಹುಭಾಗಕ್ಕೆ ಅದೇ ಆಧಾರವಾಯಿತೆಂಬುದು ವಕೀಲರಿಗೆಲ್ಲ ಗೊತ್ತು. ಆ ಸ್ಮೃತಿಯಲ್ಲಿ ಸುಳ್ಳು ವಾದಿಯ, ಸುಳ್ಳು ಸಾಕ್ಷಿಯ ಲಕ್ಷಣಗಳ ವರ್ಣನೆಯೂ ಬರುತ್ತದೆ. ಅಂಥವನು ನಿಂತಲ್ಲಿ ನಿಲ್ಲಲಾರ, ತುಟಿಯ ಅಂಚನ್ನು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖದ ಬಣ್ಣ ಕೆಡುತ್ತದೆ, ಬಾಯಿ ಒಣಗಿ ಮಾತು ತೊದಲುತ್ತದೆ. ಇವತ್ತಿನ ಯಂತ್ರ ಬೆರಳಿನಲ್ಲೂ ತೋಳಿನಲ್ಲೂ ಹುಡುಕುವುದು ಇದೇ ಚಿಹ್ನೆಗಳನ್ನು.

ವಿಜ್ಞಾನೇಶ್ವರ ತನ್ನ ವ್ಯಾಖ್ಯಾನದಲ್ಲಿ ಎಚ್ಚರಿಸುವ ಮಾತು ಮುಖ್ಯವಾದದ್ದು. ಈ ಲಕ್ಷಣಗಳಿಂದ ತಪ್ಪಿನ ಸಂಶಯ ಹುಟ್ಟಬಹುದು, ಅಷ್ಟೇ. ತಪ್ಪು ಮಾಡಿದನೆಂಬ ನಿಶ್ಚಯಕ್ಕೆ ಇವು ಸಾಲವು. ಒಬ್ಬನ ಮೈಯಲ್ಲಿ ಕಾಣುವ ವಿಕಾರ ಅವನ ಸ್ವಭಾವದಿಂದ ಬಂದದ್ದೋ, ಆ ಸಂದರ್ಭದ ಕಾರಣದಿಂದ ಬಂದದ್ದೋ ಎಂದು ಬಿಡಿಸಿ ತಿಳಿಯುವುದು ಕಷ್ಟ ಎಂದು ಅವನು ಕಾರಣವನ್ನೂ ಕೊಡುತ್ತಾನೆ. ಹಾರ್ವರ್ಡ್, ಬರ್ಕ್ಲಿಗಳಿಗಿಂತ ಎಂಟುನೂರು ವರ್ಷ ಮೊದಲು, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕುಳಿತು ಬರೆದ ಮಾತು ಇದು. ನನ್ನ ಮಟ್ಟಿಗೆ ಸುಳ್ಳುಪತ್ತೆ ಯಂತ್ರದ ಬಗ್ಗೆ ಇದಕ್ಕಿಂತ ಚೊಕ್ಕವಾದ ವಿಮರ್ಶೆ ಬೇರೆ ಇಲ್ಲ.

"ನಮ್ಮ ದೈವಗಳ ಮುಂದೆ ಸುಳ್ಳು ನಿಲ್ಲುವುದಿಲ್ಲವಲ್ಲ?" ಎಂದು ತುಳುನಾಡಿನ ಕೇಳುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಜಿಲ್ಲೆಯ ಕಾನತ್ತೂರಿನ ನಾಲ್ವರ್ ದೈವಗಳ ಸನ್ನಿಧಿಗೆ ಸಾಲದ ತಗಾದೆ, ಜಾಗದ ತಕರಾರು, ಕಳವಿನ ದೂರು ಹೊತ್ತು ಘಟ್ಟದ ಮೇಲಿನಿಂದಲೂ ಜನ ಬರುತ್ತಾರೆ. 'ಕಾನತ್ತೂರಿಗೆ ದೂರು ಕೊಡುತ್ತೇನೆ' ಎಂಬ ಒಂದು ಮಾತಿಗೇ ಎಷ್ಟೋ ತಕರಾರುಗಳು ಊರಲ್ಲೇ ಮುಗಿದುಹೋಗುತ್ತವೆ. ತಪ್ಪು ಮಾಡಿದವನ ಒಳಗಿನ ಅಳುಕು ಅಲ್ಲಿ ಕೆಲಸ ಮಾಡುತ್ತದೆ. ಯಂತ್ರದ ಕೋಣೆಯಲ್ಲೂ ಅಧಿಕಾರಿಗಳಿಗೆ ಉಪಯೋಗಕ್ಕೆ ಬರುವುದು ಬಹಳ ಸಲ ಗೆರೆಗಳಲ್ಲ, ಯಂತ್ರದ ಹೆದರಿಕೆ. 'ಮೆಷಿನು ಹಿಡಿದುಬಿಡುತ್ತದೆ' ಎಂದು ನಂಬಿದವನು ಪಟ್ಟಿ ಕಟ್ಟುವ ಮೊದಲೇ ಬಾಯಿಬಿಡುತ್ತಾನೆ.

ಆದರೆ ಎರಡಕ್ಕೂ ಇರುವ ಅಂತರವನ್ನು ಮರೆಯಬಾರದು. ಸನ್ನಿಧಿಯಲ್ಲಿ ಎರಡೂ ಕಡೆಯವರು ಮನೆಯ ಹಿರಿಯರನ್ನು ಕೂಡಿಕೊಂಡು, ತಾವು ನಂಬಿದ ಶಕ್ತಿಯ ಮುಂದೆ, ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ಅಲ್ಲಿ ಬಯಸುವುದು ರಾಜಿ. ಯಂತ್ರದ ಕೋಣೆಯಲ್ಲಿ ಒಬ್ಬನೇ ಒಬ್ಬ ಮನುಷ್ಯ, ಎದುರಿಗೆ ಸರ್ಕಾರದ ಇಡೀ ಬಲ. ಅಲ್ಲಿಂದ ಮುಂದೆ ಕಾಯುತ್ತಿರುವುದು ಜೈಲು.

ಈ ಅಸಮಾನತೆಯನ್ನು ದೇಶದ ಮುಂದೆ ತಂದದ್ದು ಕರ್ನಾಟಕದ ಒಂದು ಪ್ರಕರಣ. ಬೆಂಗಳೂರಿನ ಕೋರಮಂಗಲ ಠಾಣೆಯ ಕೊಲೆ ಪ್ರಕರಣವೊಂದರಲ್ಲಿ ಸೆಲ್ವಿ ಮತ್ತಿತರರನ್ನು ಸುಳ್ಳುಪತ್ತೆ ಪರೀಕ್ಷೆಗೂ, ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಮಿದುಳು ಪರೀಕ್ಷೆಗೂ ಒಳಪಡಿಸಲು ಪೊಲೀಸರು ಮುಂದಾದರು. 2004ರಲ್ಲಿ ಕರ್ನಾಟಕ ಹೈಕೋರ್ಟು ಪೊಲೀಸರ ಪರವಾಗಿ ನಿಂತಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ಬೇರೆ ರಾಜ್ಯಗಳ ಇಂಥವೇ ಅರ್ಜಿಗಳು ಜೊತೆಗೂಡಿದವು. 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ತೀರ್ಪು ಬಂತು. ಪೀಠದಲ್ಲಿದ್ದವರು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್. ಬಾಲಕೃಷ್ಣನ್ ಕೇರಳದ ವೈಕಂ ಕಡೆಯವರು, ರವೀಂದ್ರನ್ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ಗಡಿನಾಡಿನ ನಮಗೆ ಇದು ಎರಡೂ ಕಡೆಯಿಂದ ನಮ್ಮದೇ ತೀರ್ಪು.

ತೀರ್ಪು ಹೇಳಿದ್ದು ಇಷ್ಟು. ಯಾರನ್ನೇ ಆಗಲಿ, ಅವರ ಒಪ್ಪಿಗೆಯಿಲ್ಲದೆ ಸುಳ್ಳುಪತ್ತೆ, ನಾರ್ಕೋ (ಮದ್ದು ಕೊಟ್ಟು ಅರೆಪ್ರಜ್ಞೆಯಲ್ಲಿ ಮಾತಾಡಿಸುವುದು), ಮಿದುಳು ಪರೀಕ್ಷೆಗೆ ಒಳಪಡಿಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದು ಎಂಬ ಸಂವಿಧಾನದ 20(3)ನೇ ವಿಧಿಗೂ, ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯದ 21ನೇ ವಿಧಿಗೂ ಅದು ವಿರುದ್ಧ. ಒಪ್ಪಿಗೆ ಕೊಟ್ಟರೂ ಪರೀಕ್ಷೆಯ ಫಲಿತಾಂಶವನ್ನೇ ಸಾಕ್ಷ್ಯವಾಗಿ ಪರಿಗಣಿಸುವಂತಿಲ್ಲ. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಸುಳಿವು ಹಿಡಿದು ಹೋಗಿ ಹೊಸದಾಗಿ ಏನಾದರೂ ವಸ್ತು ಸಿಕ್ಕರೆ ಅದನ್ನು ಕೋರ್ಟಿನಲ್ಲಿ ಹಾಜರುಪಡಿಸಬಹುದು.

ನಾರ್ಕೋ ಮತ್ತು ಮಿದುಳು ಪರೀಕ್ಷೆಗಳ ಕಥೆ ಇನ್ನೂ ಕಳವಳದ್ದು. ಒಂದು ಕಾಲಕ್ಕೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ನಾರ್ಕೋ ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಕೊಟ್ಟಾಯಂನ ಸಿಸ್ಟರ್ ಅಭಯಾ ಅವರ 1992ರ ಸಾವಿನ ಪ್ರಕರಣದಲ್ಲೂ 2007ರಲ್ಲಿ ಅಲ್ಲೇ ಪರೀಕ್ಷೆ ನಡೆಯಿತು. ಆ ಪರೀಕ್ಷೆಯ ಸಿ.ಡಿ.ಗಳನ್ನು ತಿದ್ದಲಾಗಿದೆ ಎಂಬ ವಿವಾದ ಕೇರಳ ಹೈಕೋರ್ಟಿನವರೆಗೂ ಹೋಯಿತು. ಮಿದುಳು ಪರೀಕ್ಷೆಯ ಬಗ್ಗೆಯಂತೂ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ನೇತೃತ್ವದ ಸಮಿತಿ 2008ರಲ್ಲಿ ಅದು ವೈಜ್ಞಾನಿಕವಲ್ಲ, ತನಿಖೆಗೂ ಸಾಕ್ಷ್ಯಕ್ಕೂ ಬಳಸಬಾರದು ಎಂದು ಖಡಾಖಂಡಿತವಾಗಿ ಹೇಳಿತು. 2025ರ ಜೂನ್ 9ರಂದು ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಸೆಲ್ವಿ ತೀರ್ಪನ್ನೇ ಮತ್ತೆ ಎತ್ತಿಹಿಡಿಯಿತು.

ಇನ್ನು ಪೈವಳಿಕೆಯವರಿಗೆ, ಒಟ್ಟು ಕಾಸರಗೋಡಿನ ಕನ್ನಡಿಗರಿಗೆ ಮತ್ತು ತುಳುವರಿಗೆ ಸಂಬಂಧಿಸಿದ ಮಾತು. ಕೇರಳದ ವಿಧಿವಿಜ್ಞಾನ ಪ್ರಯೋಗಾಲಯದ ಕೇಂದ್ರ ಇರುವುದು ತಿರುವನಂತಪುರದಲ್ಲಿ, ಇಲ್ಲಿಂದ ಸುಮಾರು 600 ಕಿಲೋಮೀಟರ್ ದೂರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ, ಮಲಯಾಳ ಅಲ್ಪಸ್ವಲ್ಪ ಬರುವ ಒಬ್ಬ ಕೂಲಿಯವನನ್ನು ರಾತ್ರಿಯಿಡೀ ಪ್ರಯಾಣ ಮಾಡಿಸಿ, ಅಪರಿಚಿತ ಕೋಣೆಯಲ್ಲಿ ಕೂರಿಸಿ, ಮಲಯಾಳದಲ್ಲಿ ಪ್ರಶ್ನೆ ಕೇಳಿದರೆ ಏನಾಗುತ್ತದೆ? ಪ್ರಶ್ನೆ ಅರ್ಥವಾಯಿತೋ ಇಲ್ಲವೋ ಎಂಬ ಗೊಂದಲಕ್ಕೇ ಅವನ ಉಸಿರು ಹೆಚ್ಚುಕಮ್ಮಿಯಾಗುತ್ತದೆ, ಬೆರಳು ಬೆವರುತ್ತದೆ. 'ಗೊತ್ತಿಲ್ಲ' ಎನ್ನಬೇಕಾದಲ್ಲಿ 'ಇಲ್ಲ' ಎಂದುಬಿಡುತ್ತಾನೆ. ಯಂತ್ರಕ್ಕೆ ತಪ್ಪಿತಸ್ಥನ ಬೆವರು, ಭಾಷೆ ಬಾರದವನ ಬೆವರು ಎಂಬ ಭೇದ ಇಲ್ಲ. ಸರ್ಕಾರದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ 1969ರ ಕೇರಳದ ಅಧಿಕೃತ ಭಾಷಾ ಕಾನೂನು ಕೊಟ್ಟಿದೆ. ಒಂದು ಪಡಿತರ ಚೀಟಿಯ ಅರ್ಜಿಗೆ ಕನ್ನಡ ಬೇಕೆಂದು ಹೋರಾಡುವ ನಾವು, ಮನುಷ್ಯನ ಸ್ವಾತಂತ್ರ್ಯವೇ ಪಣಕ್ಕಿರುವ ಪರೀಕ್ಷೆಯಲ್ಲಿ ನಮ್ಮ ಭಾಷೆಯನ್ನು ಇನ್ನೂ ಗಟ್ಟಿಯಾಗಿ ಕೇಳಬೇಡವೇ?

ಪರೀಕ್ಷೆಯ ಮಾತು ಬಂದರೆ ಏನು ಮಾಡಬೇಕೆಂಬುದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲೇ ಬರೆದಿಟ್ಟಿದೆ. ಸುಪ್ರೀಂ ಕೋರ್ಟು ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದೂ ಹೇಳಿದೆ. ಪರೀಕ್ಷೆಗೆ ಕುಳಿತುಕೊಳ್ಳುವುದೋ ಬೇಡವೋ ಎಂಬ ತೀರ್ಮಾನ ನಿಮ್ಮದು. ಒಪ್ಪುವ ಮುಂಚೆ ವಕೀಲರನ್ನು ಕಾಣುವ ಅವಕಾಶ ಕೊಡಬೇಕು. ಪರೀಕ್ಷೆಯಿಂದ ದೇಹಕ್ಕೆ, ಮನಸ್ಸಿಗೆ, ಕೇಸಿಗೆ ಏನಾಗಬಹುದೆಂದು ಪೊಲೀಸರೂ ವಕೀಲರೂ ವಿವರಿಸಬೇಕು. ಒಪ್ಪಿಗೆಯನ್ನು ಠಾಣೆಯಲ್ಲಿ ಬರೆಸಿಕೊಂಡರೆ ಸಾಲದು, ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು, ಆಗಲೂ ವಕೀಲರು ಜೊತೆಗಿರಬೇಕು. ಎಷ್ಟು ದಿನ ಬಂಧನದಲ್ಲಿಟ್ಟಿದ್ದರು, ಹೇಗೆ ವಿಚಾರಣೆ ಮಾಡಿದರು ಎಂಬುದನ್ನು ಮ್ಯಾಜಿಸ್ಟ್ರೇಟರು ಗಮನಿಸಬೇಕು. ಪರೀಕ್ಷೆಯನ್ನು ಆಸ್ಪತ್ರೆಯಂಥ ಸ್ವತಂತ್ರ ಸಂಸ್ಥೆ ವಕೀಲರ ಸಮ್ಮುಖದಲ್ಲಿ ನಡೆಸಬೇಕು. ಅಲ್ಲಿ ಆಡಿದ ಮಾತು ತಪ್ಪೊಪ್ಪಿಗೆ ಆಗುವುದಿಲ್ಲ, ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಷ್ಟೇ ಅದರ ಬೆಲೆ.

'ಬೇಡ' ಎಂದವನನ್ನು ಕಂಡು 'ಅಪರಾಧಿ ಅಲ್ಲದಿದ್ದರೆ ಯಾಕೆ ಹೆದರಬೇಕು?' ಎಂದು ಕೇಳುವ ಅಭ್ಯಾಸವನ್ನು ದಯಮಾಡಿ ಬಿಟ್ಟುಬಿಡೋಣ. ಹೆದರಿಕೆಯನ್ನೇ ಅಳೆಯುವ ಯಂತ್ರಕ್ಕೆ ಹೆಚ್ಚು ಹೆದರಬೇಕಾದವನು ನಿರಪರಾಧಿಯೇ. ಮನೆಯಲ್ಲಿ ಚಿನ್ನ ಕಾಣೆಯಾದಾಗ ಕೆಲಸದ ಹೆಂಗಸಿನ ಮುಖ ಬಾಡಿತೆಂದು, ಶಾಲೆಯಲ್ಲಿ ಹಣ ಕಳೆದಾಗ ಒಬ್ಬ ಹುಡುಗನ ಸ್ವರ ನಡುಗಿತೆಂದು ನಾವೇ ತೀರ್ಪು ಕೊಟ್ಟುಬಿಡುವುದೂ ಇದೇ ತಪ್ಪು. ಮೊಬೈಲಿನಲ್ಲಿ ಸುಳ್ಳು ಹಿಡಿಯುವ ಆ್ಯಪ್ ಎಂದು ಸಿಗುವವುಗಳನ್ನು ನಂಬಿ ಗಂಡ ಹೆಂಡಿರು ಜಗಳಕ್ಕಿಳಿಯಬೇಡಿ.

ಕೊನೆಯದಾಗಿ ಎರಡು ಕೋರಿಕೆ. ನಮ್ಮ ಪಂಚಾಯತಿನ ಗ್ರಂಥಾಲಯಗಳು, ಯುವಕ ಮಂಡಲಗಳು, ಕುಟುಂಬಶ್ರೀ ಘಟಕಗಳು ಕಾನೂನು ಸೇವಾ ಪ್ರಾಧಿಕಾರದವರನ್ನು ಕರೆಸಿ ಈ ಹಕ್ಕುಗಳ ಬಗ್ಗೆ ಕನ್ನಡದಲ್ಲೂ ತುಳುವಿನಲ್ಲೂ ಒಂದು ದಿನದ ಮಾಹಿತಿ ಕೂಟ ನಡೆಸಲಿ. ಮತ್ತು ಯಾರಿಗಾದರೂ ಇಂಥ ಪರೀಕ್ಷೆಯ ಕರೆ ಬಂದರೆ, ಕಾಗದಕ್ಕೆ ಸಹಿ ಹಾಕುವ ಮುಂಚೆ ಮೂರು ಮಾತು ಹೇಳಿ: ನನಗೆ ವಕೀಲರು ಬೇಕು, ಮ್ಯಾಜಿಸ್ಟ್ರೇಟರ ಮುಂದೆಯೇ ಹೇಳುತ್ತೇನೆ, ಪ್ರಶ್ನೆಗಳು ನನ್ನ ಭಾಷೆಯಲ್ಲಿರಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಉಚಿತ ಕಾನೂನು ನೆರವು ಕೊಡುವ ವ್ಯವಸ್ಥೆ ಪ್ರತಿ ಜಿಲ್ಲೆಯಲ್ಲೂ ಇದೆ, ಕಾಸರಗೋಡಿನಲ್ಲೂ ಇದೆ.